ಹದಿನೇಳನೇ ಕೊಳವೆ

ಬಾ ತಿಫೆನ್, ಗೇಟು ತೆರೆದೇ ಇದೆ.
ಲೀಕ್ ಸೊಪ್ಪಿನ ಪಾತಿಯ ನಡುವೆ ನಿನ್ನ ಕೊಳವೆ ಕಾಯುತ್ತಿದೆ,
ನೀಲಿ ಮುಚ್ಚಳ, ಅದರ ಮೇಲೆ ಬಣ್ಣದಲ್ಲಿ ಹದಿನೇಳು.
ಮೂರು ತಿಂಗಳಿಗೊಮ್ಮೆ ಬರುವ ನಿನ್ನನ್ನು
ನನ್ನ ಬೆಕ್ಕು ಈಗ ಗುರುತು ಹಿಡಿಯುತ್ತೆ.

ಹಗ್ಗ ಇಳಿಸು. ಹನ್ನೊಂದು ಮೀಟರು, ಅಲ್ಲವೆ?
ಕೆಳಗೆ ನೀರು ತಾಗಿದ ಸದ್ದು
ಯಾರೋ ನಿದ್ದೆಯಲ್ಲಿ ತುಟಿ ಬಿಚ್ಚಿದ ಹಾಗೆ.

ಕಾರ್ಖಾನೆಯನ್ನು ನೀನು ನೋಡಿಲ್ಲ. ನೋಡಿದ್ದು ಬೇಲಿ,
ಹಳದಿ ಫಲಕ, ಬಿಳಿ ಟೆಂಟಿನಡಿ ಅಗೆದಿಟ್ಟ ಗುಂಡಿ.
ಅಲ್ಲಿ ನಾವು ತಿರುಪು ಮಾಡುತ್ತಿದ್ದೆವು,
ಗಡಿ ದಾಟಿ ಜಿನೀವಾಕ್ಕೆ ಹೋಗುವ ಗಡಿಯಾರಗಳಿಗೆ,
ಎಳ್ಳಿಗಿಂತ ಸಣ್ಣವು; ಒಂದು ಉಗುರಿನ ಮೇಲೆ ಇಪ್ಪತ್ತು ಕೂರುತ್ತಿದ್ದವು.
ಎಣ್ಣೆ ಹಿಡಿದ ತಿರುಪನ್ನು ಜರಡಿಗೆ ಹಾಕಿ
ತ್ರಿಕ್ಲೋದಲ್ಲಿ ಅದ್ದುವುದು ನನ್ನ ಪಾಲು.
ತ್ರಿಕ್ಲೋರೋಎಥಿಲೀನ್ ಎಂದು ನೀನು ಪೂರ್ತಿ ಹೇಳುತ್ತೀ,
ಅಪರಿಚಿತರನ್ನು ಕರೆದ ಹಾಗೆ.
ನಮಗದು ಮನೆಯೊಳಗಿನ ಹೆಸರು.
ಸಿಹಿ ವಾಸನೆ. ನಾಲ್ಕು ಗಂಟೆಯ ಹೊತ್ತಿಗೆ
ಜಿಲ್ಬರ್ತ್ ಸುಮ್ಮಸುಮ್ಮನೆ ನಗುತ್ತಿದ್ದಳು,
ಅವಳ ನಗೆಗೆ ನಾವೆಲ್ಲ ನಗುತ್ತಿದ್ದೆವು,
ಆ ನಗೆ ಯಾರದೆಂದು ಯಾರಿಗೂ ತಿಳಿದಿರಲಿಲ್ಲ.

ಐವತ್ತೊಂದಕ್ಕೆ ಹೋದಳು. ಮೂತ್ರಪಿಂಡ.
ಇದನ್ನು ಬರೆದುಕೊಳ್ಳಬೇಡ, ನಿನ್ನ ಪಟ್ಟಿಯಲ್ಲಿ ಅಂಕಣವಿಲ್ಲ.

ಶುಕ್ರವಾರ ಪೀಪಾಯಿಯ ತಳ ಕಪ್ಪಾಗಿರುತ್ತಿತ್ತು.
ಮೇಸ್ತ್ರಿ ಬೊಸೊನೆ ಹಿಂಬಾಗಿಲು ತೋರಿಸುತ್ತಿದ್ದ:
"ಜಲ್ಲಿಯ ಮೇಲೆ ಸುರಿ ಒಡೆಟ್. ಅರ್ಧ ಗಾಳಿ ಕುಡಿಯುತ್ತೆ,
ಮಿಕ್ಕಿದ್ದು ಭೂಮಿ."
ಸುರಿದೆ. ಎಡಗೈಯಲ್ಲಿ; ಬಲಗೈ ಬಾಗಿಲು ಹಿಡಿದಿತ್ತು.
ಜಲ್ಲಿ ಒಂದು ಕ್ಷಣ ಹೊಳೆದು ಒಣಗುತ್ತಿತ್ತು
ಏನೂ ಆಗಿಲ್ಲವೆಂಬಂತೆ.
ಹನ್ನೆರಡು ವರ್ಷ, ಏನೂ ಆಗಲಿಲ್ಲ.

ಕಳೆದ ಚಳಿಗಾಲ ಕೈಗೆ ಉಸಿರು ಊದಿಕೊಳ್ಳುತ್ತಾ ನೀನೇ ಹೇಳಿದೆ:
ಅದು ನೀರಿಗಿಂತ ಭಾರ, ನೀರನ್ನು ಸೀಳಿ ಇಳಿಯುತ್ತೆ,
ಜೇಡಿಮಣ್ಣಿನ ಮೇಲೆ ಕೂತು
ಸ್ವಲ್ಪಸ್ವಲ್ಪವೇ ಹರಿವಿನ ಜೊತೆ ಹೊರಡುತ್ತೆ,
ವರ್ಷಕ್ಕೆ ಇಪ್ಪತ್ತೈದು ಮೀಟರು.
ನೀನು ಹೋದ ಮೇಲೆ ದಿನಸಿ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದೆ.
ಸೈಕಲ್ಲಿನಲ್ಲಿ ನಾನು ಆರು ನಿಮಿಷಕ್ಕೆ ಬರುತ್ತಿದ್ದ ದಾರಿಯನ್ನು
ಅದು ನಲವತ್ತೆಂಟು ವರ್ಷ ನಡೆದಿದೆ.
ಶಾಲೆಯ ಅಡಿ, ಬೇಕರಿಯ ಅಡಿ, ಇಗರ್ಜಿಯ ಅಡಿ,
ಜಿಲ್ಬರ್ತ್ ಮಲಗಿರುವ ಕಲ್ಲಿನ ಅಡಿ,
ಎಲ್ಲೂ ನಿಲ್ಲದೆ
ವಿಳಾಸ ಗೊತ್ತಿದ್ದವರಂತೆ ಇಲ್ಲಿಗೆ.

ಮಾಡಿದವರು ಉಣ್ಣಬೇಕು ಅನ್ನುತ್ತಾರೆ.
ಮಾಲೀಕರು ಕಂಪನಿಯ ಹೆಸರನ್ನೇ ಮಾರಿ ಹೋದರು,
ಬೊಸೊನೆ ಮಣ್ಣಾದ, ಅವನ ಮಗ ಸಮುದ್ರದ ಕಡೆ ಇದ್ದಾನೆ.
ಉಣ್ಣಲು ಉಳಿದವಳಿಗೆ ಪುರಸಭೆಯ ಚೀಟಿ:
ಬಾವಿನೀರು ಗಿಡಕ್ಕೂ ಬೇಡ.

ಗುರುವಾರ ಚೀಸ್ ಡೈರಿಯ ಟ್ಯಾಂಕರು ಬರುತ್ತೆ.
ಹಾಲೊಡೆದು ಉಳಿದ ತಿಳಿ, ಹಂದಿಗಳ ಪಾಲಾಗಬೇಕಿದ್ದದ್ದು,
ಬೇಲಿಯೊಳಗಿನ ಕೊಳವೆಗಳಿಗೆ ಇಳಿಯುತ್ತೆ.
ಕೆಳಗೆ ಕತ್ತಲಲ್ಲಿ ಹುಳುಗಳಿವೆಯಂತೆ,
ಕಣ್ಣಿಗೆ ಕಾಣದವು, ಗಾಳಿ ಸೋಕಿದರೆ ಸಾಯುವವು.
ತಿಳಿಯ ಬಲದಿಂದ ತ್ರಿಕ್ಲೋದ ಮೈಯಿಂದ
ಒಂದೊಂದೇ ಕ್ಲೋರಿನ್ ಕೀಳುತ್ತವಂತೆ,
ಕೋಳಿಯ ಪುಕ್ಕ ತರಿದ ಹಾಗೆ.
ನಡುವೆ ಇನ್ನೂ ಕೆಟ್ಟದ್ದೊಂದು ಹುಟ್ಟುತ್ತೆ,
ಅದನ್ನೂ ತಿಂದು ಮುಗಿಸುವ ತನಕ ಕಾಯಬೇಕು ಎಂದೆ.
ಎಷ್ಟು ದಿನ ಎಂದು ಕೇಳಿದೆ. ನೀನು ಬೆಕ್ಕಿನ ತಲೆ ಸವರಿದೆ.
"ಮೂವತ್ತು ವರ್ಷ, ಮದಾಮ್ ಪೆರೊಲಾ, ಎಲ್ಲ ಸರಿ ಹೋದರೆ."
ನನಗೆ ಎಪ್ಪತ್ತೊಂಬತ್ತು.
ನಿನ್ನ ನಂತರ ಈ ಹಗ್ಗ ಹಿಡಿಯುವವರು
ಈಗ ಎಲ್ಲೋ ಹಲ್ಲು ಬರುತ್ತಿದೆಯೆಂದು ಅಳುತ್ತಿರಬೇಕು.

ಸೀಸೆಯನ್ನು ಅಂಚಿನವರೆಗೆ ತುಂಬುತ್ತೀ,
ತಲೆಕೆಳಗು ಹಿಡಿದು ನೋಡುತ್ತೀ: ಒಂದು ಗುಳ್ಳೆಯೂ ಇರಬಾರದು.
ನಾವೂ ಹೀಗೇ ನೋಡುತ್ತಿದ್ದೆವು, ಭೂತಗನ್ನಡಿ ಹಿಡಿದು,
ತಿರುಪಿನ ಮೇಲೆ ಒಂದು ಚುಕ್ಕೆ ಎಣ್ಣೆಯೂ ಇರಬಾರದು.
ಅಷ್ಟು ಸ್ವಚ್ಛವಾಗಿತ್ತು ನಮ್ಮ ಕೆಲಸ.

ನಂಬರು ಬರೆದೆ, ತಾರೀಖು, ಗಂಟೆ.
'ಮೂಲ' ಎಂಬಲ್ಲಿ ಪ್ರತಿಸಲದಂತೆ 'ಹಿಂದಿನ ಕಾರ್ಖಾನೆ'.
ಅದರ ಪಕ್ಕ, ಬಲಕ್ಕೆ, ಇನ್ನೂ ಸ್ವಲ್ಪ ಜಾಗವಿದೆಯಲ್ಲ,
ಒಂದು ಹೆಸರು ಹಿಡಿಸುವಷ್ಟು

ಬೇಡ ಬಿಡು, ಪೆನ್ನು ಮುಚ್ಚು. ಹನಿ ಬೀಳುತ್ತಿದೆ, ಶಾಯಿ ಹರಡೀತು.
ಕಾಫಿ ಕಾಸಿದ್ದೇನೆ, ಇವತ್ತಾದರೂ ಒಳಗೆ ಬಾ.
ಹೆದರಬೇಡ,
ಅಂಗಡಿಯಿಂದ ತಂದ ನೀರು.